ಬಿಳಿ ಪಂಚೆ ಉಟ್ಟ ಸೋಮವಾರ

ನನ್ನನ್ನು ಬೈಯುವ ಮನಸ್ಸಿದ್ದವರು ಈಗಲೇ ಬೈದುಬಿಡಿ. ಪೂರ್ತಿ ಕೇಳಿ ಆಮೇಲೆ ಬೈದರೂ ನನಗೇನೂ ಬೇಜಾರಿಲ್ಲ. ಆದರೆ "ಪಾಪ, ಕರಿಬಸಪ್ಪನ ಗ್ರಹಚಾರ ಚೆನ್ನಾಗಿರಲಿಲ್ಲ" ಅಂತ ಮಾತ್ರ ಯಾರೂ ಅನ್ನಬೇಡಿ. ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಗ್ರಹಚಾರವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಲಾರಿಯ ಕೆಳಗಿನ ಗುಂಡಿಗೆ ನಾನು ಇಳಿಯಬೇಕಾಗಿತ್ತು, ಇಳಿಯಲಿಲ್ಲ. ಅಷ್ಟೇ.

ರಾಜ್ಯಕ್ಕೆ ಕರ್ನಾಟಕ ಅಂತ ಹೊಸ ಹೆಸರು ಬಂದ ಹೊಸತು. ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಅಂಟಿಕೊಂಡಂತೆ ಸಾಹುಕಾರ ಗುರುಬಸಪ್ಪನವರ ಲಾರಿ ಶೆಡ್ಡು ಇತ್ತು. ಏಳು ಲಾರಿಗಳು. ಅಲ್ಲಿ ನಾನು ಹೆಡ್ ಮೇಸ್ತ್ರಿ. ದಾವಣಗೆರೆಯಿಂದ ನನ್ನನ್ನು ಕರೆಸಿಕೊಂಡು, ರಾಜಾಜಿನಗರದಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರೇ. ಬಂದವರಿಗೆಲ್ಲ "ಇವನು ನಮ್ಮವನು" ಅಂತ ಹೆಗಲ ಮೇಲೆ ಕೈಹಾಕಿ ತೋರಿಸುತ್ತಿದ್ದರು. ನಾನೂ ಎದೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದೆ.

ಕೆಲಸದಲ್ಲಿ ನನ್ನದು ಒಂದೇ ಹಟ. ಕೆಟ್ಟು ನಿಂತ ಲಾರಿಯನ್ನು ರಿಪೇರಿ ಮಾಡುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಕೆಡುವುದಕ್ಕೆ ಮುಂಚೆ ನೋಡುವವನು ಬೇಕು ಅಂತ ಸಾಹುಕಾರರ ಹತ್ತಿರ ಜಗಳವಾಡಿ ಗೆದ್ದಿದ್ದೆ. ಹದಿನೈದು ದಿನಕ್ಕೊಮ್ಮೆ, ಸೋಮವಾರ, ಪ್ರತಿ ಲಾರಿಯೂ ಗುಂಡಿಯ ಮೇಲೆ ಬಂದು ನಿಲ್ಲಲೇಬೇಕು. ನಾನು ಖಾಕಿ ಹಾಕಿಕೊಂಡು ಕೆಳಗಿಳಿಯುತ್ತಿದ್ದೆ. ಕೀಲು ಕೀಲಿಗೆ ಗ್ರೀಸು, ಚಕ್ರದ ನಟ್ಟುಗಳು, ಸ್ಪ್ರಿಂಗ್ ಪಟ್ಟಿಗಳು, ಕೊನೆಗೆ ಬ್ರೇಕು. ಬ್ರೇಕಿನ ಎಣ್ಣೆ ಹರಿಯುವ ರಬ್ಬರ್ ಪೈಪು ಚಕ್ರದ ಪಕ್ಕದಲ್ಲಿ ಇರುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಬೆರಳಲ್ಲಿ ಹಿಡಿದು ಬಗ್ಗಿಸಿದಾಗ ಮಾತ್ರ ಒಳಗಿನ ಬಿರುಕು ಬಾಯಿ ಬಿಡುವುದು. ಒಂದು ಲಾರಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಡ್ರೈವರುಗಳು ಗೊಣಗುತ್ತಿದ್ದರು, ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ನೋಡಿದ ಲಾರಿ ಯಾವುದು, ನೋಡದ ಲಾರಿ ಯಾವುದು ಅಂತ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆ. ಅದನ್ನು ಓದುವವರು ಯಾರು? ಒಂದು ಸಲ ಒಬ್ಬ ನೋಡದ ಲಾರಿಯನ್ನೇ ತೆಗೆದುಕೊಂಡು ಹೋಗಿಬಿಟ್ಟ. ಮುಂದಿನ ಸೋಮವಾರ ಸಿಟ್ಟಿನಲ್ಲಿ ನನ್ನ ಜೇಬಿನ ವಿಭೂತಿ ಡಬ್ಬಿ ತೆಗೆದು, ನೋಡಿ ಮುಗಿಸಿದ ಲಾರಿಯ ಬಾಗಿಲ ಮೇಲೆ ಮೂರು ಪಟ್ಟೆ ಎಳೆದೆ. "ಸೋಮವಾರ ಈ ಪಟ್ಟೆ ಇಲ್ದೆ ಯಾವನಾದ್ರೂ ಸ್ಟಾರ್ಟ್ ಮಾಡಿದ್ರೆ ಕೈ ಮುರೀತೀನಿ" ಅಂದೆ. ಅದೇ ರೂಢಿಯಾಯಿತು. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತಿತ್ತು.

ಮೂರನೇ ನಂಬರ್ ಲಾರಿಯ ಡ್ರೈವರ್ ಮುನಿರಾಮಯ್ಯ ಕೆಂಗೇರಿಯವನು. ಹಣೆಗೆ ದಿನಾ ಉದ್ದ ನಾಮ ಹಾಕುವವನು. ಕುಡಿತವಿಲ್ಲ, ಬೀಡಿಯಿಲ್ಲ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಬಾಯಿ ತುಂಬ ಅಣ್ಣ ಅನ್ನುತ್ತಿದ್ದ. ಪಟ್ಟೆ ಎಳೆದಾಗಲೆಲ್ಲ ಅವನದೊಂದು ತಮಾಷೆ ಇದ್ದೇ ಇರುತ್ತಿತ್ತು.

"ಅಣ್ಣ, ನಾನು ನಾಮದೋನು, ನನ್ನ ಲಾರಿ ವಿಭೂತೀದು. ನಮ್ಮಿಬ್ರ ಸಂಸಾರ ಹೆಂಗೆ ನಡೀತದೋ ಆ ದೇವ್ರೇ ಬಲ್ಲ."

"ಲಾರಿಗೆ ದೀಕ್ಷೆ ಆಗಿದೆ ಕಣಯ್ಯ. ನೀನೂ ತಗೊಂಡ್ಬಿಡು, ಜಗಳ ಇರಲ್ಲ" ಅನ್ನುತ್ತಿದ್ದೆ.

ಅವನು ನಗುತ್ತಲೇ ಆ ಪಟ್ಟೆಗೆ ಅಂಗೈ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಲಾರಿ ಹತ್ತುತ್ತಿದ್ದ.

ಆ ಸೋಮವಾರ ನಾನು ರಜ ಹಾಕಿದ್ದೆ. ಮಗಳು ಜಗದಾಂಬಾಳನ್ನು ನೋಡಲು ಚಿತ್ರದುರ್ಗದಿಂದ ಗಂಡಿನ ಕಡೆಯವರು ಹತ್ತೂವರೆಗೆ ಬರುವವರಿದ್ದರು. ಅದಕ್ಕೆ ಮುಂಚೆ ಎರಡು ಸಂಬಂಧ ಬಂದು ಮುರಿದಿದ್ದವು. ಒಬ್ಬರಂತೂ "ಹುಡುಗಿ ತಂದೆ ಗ್ರೀಸ್ ಕೆಲಸದೋರಂತೆ" ಅಂತ ಯಾರ ಹತ್ತಿರವೋ ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು. ಹಾಗಾಗಿ ಬೆಳಿಗ್ಗೆ ಐದಕ್ಕೇ ಎದ್ದು, ಸೀಮೆಎಣ್ಣೆ ಹಚ್ಚಿ ಉಗುರುಸಂದಿಯನ್ನೆಲ್ಲ ಉಜ್ಜಿಕೊಂಡು, ಎರಡು ಸಲ ಸ್ನಾನ ಮಾಡಿ, ಹೆಂಡತಿ ಬಸವರಾಜೇಶ್ವರಿ ಇಸ್ತ್ರಿ ಮಾಡಿಸಿಟ್ಟಿದ್ದ ಬಿಳಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು ಕೂತಿದ್ದೆ.

ಎಂಟು ಗಂಟೆಗೆ ಶೆಡ್ಡಿನಿಂದ ಸೈಕಲ್ಲಿನಲ್ಲಿ ಆಳು ಬಂದ. ಮಂಡ್ಯದಿಂದ ಸಕ್ಕರೆ ಮೂಟೆ ತರಬೇಕಂತೆ, ಮೂರನೇ ನಂಬರ್ ಲಾರಿ ಹೊರಡಬೇಕಂತೆ, ಪಟ್ಟೆ ಇಲ್ಲದೆ ಮುನಿರಾಮಯ್ಯ ತೆಗೆಯುವುದಿಲ್ಲ ಅಂತ ಕೂತಿದ್ದಾನಂತೆ. "ಹತ್ತು ನಿಮಿಷ ಬಂದು ಪಟ್ಟೆ ಎಳೆದು ಹೋಗಬೇಕಂತೆ, ಸಾವ್ಕಾರ್ರು ಹೇಳಿದ್ರು" ಅಂದ. ನೋಡು ಅಂತ ಹೇಳಿ ಕಳಿಸಿರಲಿಲ್ಲ, ಪಟ್ಟೆ ಎಳೆ ಅಂತ ಹೇಳಿ ಕಳಿಸಿದ್ದರು. ಆಗ ಅದು ನನಗೆ ಹೊಳೆಯಲಿಲ್ಲ.

"ಹೋಗ್ಬೇಡ್ರಿ. ಅವ್ರು ಬೇಗ ಬಂದ್ಬಿಟ್ರೆ?" ಅಂದಳು ಹೆಂಡತಿ.

"ಹೋದೆ, ಬಂದೆ" ಅಂದು ಪಂಚೆ ಮೇಲೆತ್ತಿ ಕಟ್ಟಿ ಸೈಕಲ್ ಹತ್ತಿದೆ.

ಲಾರಿ ಗುಂಡಿಯ ಮೇಲೆ ನಿಂತಿತ್ತು. ಮುನಿರಾಮಯ್ಯ ನನ್ನನ್ನು ಕಂಡವನೇ ಎದ್ದುನಿಂತ. "ಇದೇನಣ್ಣ, ನೀವೇ ಮದ್ವೆ ಗಂಡು ಆಗಿ ಬಂದಂಗದೆ!" ಅಂತ ನಕ್ಕ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಶನಿವಾರ ಬರೋವಾಗ ಬ್ರೇಕು ಒಂಚೂರು ಆಳಕ್ಕೋಗ್ತದೆ ಅನ್ನಿಸ್ತು. ನೋಡ್ಬುಡಿ" ಅಂದ.

"ಆಯ್ತು, ನೋಡ್ತೀನಿ. ನೀನು ಹೋಗಿ ಟೀ ಕುಡ್ಕೊಂಡು ಬಾ" ಅಂದೆ.

ಅವನು ಹೋದ. ನನ್ನ ಖಾಕಿ ಬಟ್ಟೆ ಹತ್ತು ಹೆಜ್ಜೆ ಆಚೆ ಮೊಳೆಗೆ ನೇತಾಡುತ್ತಿತ್ತು. ಹತ್ತೇ ಹೆಜ್ಜೆ. ಬಟ್ಟೆ ಬದಲಾಯಿಸಬೇಕು, ಗುಂಡಿಗಿಳಿಯಬೇಕು, ಮತ್ತೆ ಕೈಕಾಲಿಗೆ ಸೀಮೆಎಣ್ಣೆ, ಮತ್ತೆ ಸ್ನಾನ, ಆದರೂ ಬೀಗರ ಮುಂದೆ ಕೂತಾಗ ಗ್ರೀಸಿನ ವಾಸನೆ ಹೊಡೆಯುತ್ತದೆ. ಗುಂಡಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿದೆ. ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಕೂತು ಬ್ರೇಕನ್ನು ಎರಡು ಸಲ ತುಳಿದೆ. ಹಿಡಿಯಿತು. ಸಾಕು ಅಂದುಕೊಂಡೆ. ಒಳಗೆ ಒಂದು ದನಿ ಸಾಲದು ಅಂದಿತು, ಕೇಳಿಸಿತು, ಕೇಳಿಸದವನಂತೆ ಸೀಟಿನಿಂದ ಇಳಿದು ಮೂರು ಪಟ್ಟೆ ಎಳೆದೆ.

ಮುನಿರಾಮಯ್ಯ ಬಂದ. ಪಟ್ಟೆ ನೋಡಿದ. ಅವನು ಏನೂ ಕೇಳಲಿಲ್ಲ. ನಾನೇ ಬಾಯಿ ಬಿಟ್ಟೆ: "ಏನೂ ಇಲ್ಲ ಕಣೋ, ಎಲ್ಲ ಸರಿಯಾಗಿದೆ. ಹೋಗ್ಬಾ."

"ಕೂಸಿಗೆ ಗಟ್ಟಿ ಆಗ್ಲಿ ಅಣ್ಣ" ಅಂದ. ಪಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟ.

ಗಟ್ಟಿಯೂ ಆಯಿತು. ಹುಡುಗ ಬಸವೇಶ್ವರನಗರದಲ್ಲಿ ಮೇಷ್ಟ್ರು. ಅವರ ತಾಯಿ ಉಪ್ಪಿಟ್ಟು, ಕೇಸರಿಬಾತು ಎರಡೂ ಎರಡು ಸಲ ಹಾಕಿಸಿಕೊಂಡು ತಿಂದರು. ಹೊರಡುವಾಗ ಹುಡುಗನ ತಂದೆ ನನ್ನ ಕೈ ಹಿಡಿದುಕೊಂಡು "ವೈಶಾಖದಲ್ಲಿ ಮಾಡಿಬಿಡೋಣ" ಅಂದರು. ಆ ಕೈ ಎಷ್ಟು ಚೊಕ್ಕಟವಾಗಿತ್ತು ಅಂತೀರಿ!

ಸಂಜೆ ಐದಕ್ಕೆ ಅದೇ ಆಳು ಅದೇ ಸೈಕಲ್ಲಿನಲ್ಲಿ ಬಂದ. ಮಂಡ್ಯದಿಂದ ಸಕ್ಕರೆ ಹೇರಿಕೊಂಡು ಬರುತ್ತಿದ್ದ ಲಾರಿ, ಕುಂಬಳಗೋಡು ದಾಟಿ ಕೆಂಗೇರಿಗೆ ಇಳಿಯುವ ಕಡೆ ನಿಲ್ಲಲಿಲ್ಲವಂತೆ. ಮುಂದೆ ಬಸ್ಸಿಗೆ ಕಾಯುತ್ತಾ ಹತ್ತು ಹನ್ನೆರಡು ಜನ ನಿಂತಿದ್ದರಂತೆ. ಮುನಿರಾಮಯ್ಯ ರಸ್ತೆ ಬಿಟ್ಟು ಎಡಕ್ಕೆ ತಿರುಗಿಸಿ ಹುಣಸೆಮರಕ್ಕೆ ಕೊಟ್ಟನಂತೆ. ಇಬ್ಬರಿಗೆ ತರಚು ಗಾಯ. ಅವನ ಬಲಗಾಲು ಮೂರು ಕಡೆ ಮುರಿದಿತ್ತು.

ಮಾರನೆಯ ದಿನ ಮೋಟಾರು ಇಲಾಖೆಯ ಇನ್ಸ್‌ಪೆಕ್ಟರು ಲಾರಿ ನೋಡಿಕೊಂಡು ಶೆಡ್ಡಿಗೆ ಬಂದರು. ಬ್ರೇಕಿನ ರಬ್ಬರ್ ಪೈಪು ಹರಿದಿತ್ತು. "ಇದು ಗುದ್ದಿದ ಪೆಟ್ಟಿಗೂ ಹರಿದಿರಬಹುದು, ಮೊದಲೇ ಹರಿದೂ ಇರಬಹುದು. ನೋಡಿ ಹೇಳೋದು ಕಷ್ಟ. ನಿನ್ನೆ ಬೆಳಿಗ್ಗೆ ನೀವು ಪರೀಕ್ಷೆ ಮಾಡಿದ್ರಂತಲ್ಲ, ಹೇಗಿತ್ತು?" ಅಂತ ಕೇಳಿದರು.

ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ನನ್ನ ಕಣ್ಣ ಮುಂದೆ ಬೀಗರ ಮುಖ ಬಂತು. ವೈಶಾಖ ಬಂತು.

"ನೋಡಿದ್ದೆ ಸಾರ್. ಸರಿಯಾಗಿತ್ತು" ಅಂದೆ. ಬರೆದುಕೊಂಡರು. ಸಹಿ ಹಾಕಿದೆ.

ಮೂರನೇ ದಿನ ಆಸ್ಪತ್ರೆಗೆ ಎಳನೀರು ತೆಗೆದುಕೊಂಡು ಹೋದೆ. ಮುನಿರಾಮಯ್ಯನ ಕಾಲಿಗೆ ತೊಡೆಯವರೆಗೆ ಬಿಳಿ ಕಟ್ಟು. ತಲೆದೆಸೆಯಲ್ಲಿ ಅವನ ಹೆಂಡತಿ ಹನುಮಕ್ಕ ಕೂತಿದ್ದಳು. ಉಗಿಯುತ್ತಾನೆ, ಉಗಿಯಲಿ, ಆಗ ನಾನೂ ಒಪ್ಪಿಕೊಂಡುಬಿಡುತ್ತೇನೆ ಅಂತ ದಾರಿಯುದ್ದಕ್ಕೂ ಅಂದುಕೊಂಡೇ ಹೋಗಿದ್ದೆ. ಅವನು ನನ್ನನ್ನು ನೋಡಿ ಏಳಲು ಹೋದ.

"ಅಣ್ಣ, ನಿಮ್ಮ ಹೆಸ್ರಿಗೆ ಮಸಿ ಬಳಿದ್ಬುಟ್ಟೆ" ಅಂದ. ನನಗೆ ಅರ್ಥವಾಗಲಿಲ್ಲ.

"ನಾನು ಬ್ರೇಕ್ ತುಳಿದೆ, ಕಾಲು ತಳಕ್ಕೋಯ್ತು ಅಂತ ನೆಪ್ಪು ನಂಗೆ. ಪೊಲೀಸ್ನೋರಿಗೂ ಮೊದ್ಲು ಅಂಗೇ ಅಂದೆ. ಮೇಸ್ತ್ರಿ ನೋಡವ್ರೆ, ಸರಿಯಿತ್ತು ಅಂದವ್ರೆ ಅಂದ್ರು. ನೀವು ನೋಡಿದ್ಮೇಲೆ ಇನ್ನೇನೈತೆ? ಗಾಬ್ರೀಲಿ ನಾನೇ ಬ್ರೇಕ್ ಬುಟ್ಟು ಕ್ಲಚ್ ತುಳಿದಿರ್ಬೇಕು. ಅಂಗೇ ಬರೆಸಿ ಹೆಬ್ಬೆಟ್ಟು ಒತ್ತಿದೆ."

ಇಪ್ಪತ್ತು ವರ್ಷ ಲಾರಿ ಓಡಿಸಿದ ಮನುಷ್ಯ, ತನ್ನ ಕಾಲಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದ. ಆಗಲೇ ಹೇಳಬೇಕಾಗಿತ್ತು. ಹನುಮಕ್ಕ ನನ್ನನ್ನೇ ನೋಡುತ್ತಿದ್ದಳು. "ಆಯಾಸ ಮಾಡ್ಕೋಬೇಡ ಕಣೋ, ಮಲಕ್ಕೋ" ಅಂದು ಎಳನೀರು ಇಟ್ಟು ಎದ್ದುಬಂದೆ. ಥೂ ನನ್ನ ಜನ್ಮಕ್ಕೆ!

ಮದುವೆ ಒಂದು ಮುಗಿಯಲಿ ಅಂದುಕೊಂಡೆ. ನಿಜ ಹೇಳುತ್ತೇನೆ, ಹಾಗೇ ಅಂದುಕೊಂಡೆ. ಅವನ ಲೈಸೆನ್ಸ್ ಕಿತ್ತುಕೊಂಡರು. ಅಜಾಗರೂಕತೆಯಿಂದ ಓಡಿಸಿದ ಅಂತ ಕೇಸು ಹಾಕಿದರು. ಸಾಹುಕಾರರು ಕೆಲಸದಿಂದ ತೆಗೆದರು. ಅವನು ಕುಡಿದಿದ್ದನಂತೆ ಅಂತಲೂ ಶೆಡ್ಡಿನಲ್ಲಿ ಯಾರೋ ಎಬ್ಬಿಸಿದರು. ಬೀಡಿ ಸೇದದ ಮನುಷ್ಯನ ಮೇಲೆ ಆ ಮಾತು! ಹನುಮಕ್ಕ ಮನೆಯಲ್ಲಿ ಊದಿನಕಡ್ಡಿ ಹೊಸೆಯುವ ಕೆಲಸ ಹಿಡಿದಳು ಅಂತ ಕೇಳಿದೆ. ನಾನು ಸೋಮವಾರ ಸೋಮವಾರ ಗುಂಡಿಗಿಳಿದು ಒಂದೊಂದು ಪೈಪನ್ನೂ ಮೂರು ಮೂರು ಸಲ ಬಗ್ಗಿಸಿ ನೋಡುತ್ತಿದ್ದೆ. ಬಾಗಿಲಿಗೆ ಪಟ್ಟೆ ಎಳೆಯಲು ಮಾತ್ರ ಕೈ ಬರಲಿಲ್ಲ. ಯಾಕೆ ಅಂತ ಕೇಳಿದವರ ಮೇಲೆ ಹಾರಿಬಿದ್ದೆ. ಊಟ ಸೇರುತ್ತಿರಲಿಲ್ಲ. ಮದುವೆ ಓಡಾಟದ ಆಯಾಸ ಅಂತ ಹೆಂಡತಿ ಅಂದುಕೊಂಡಳು.

ಮದುವೆಗೆ ಮುನಿರಾಮಯ್ಯ ಬಂದ. ನಾನು ಕರೆದಿರಲಿಲ್ಲ. ಕರೆಯಲು ಮುಖ ಇರಲಿಲ್ಲ. ಕಂಕುಳಲ್ಲಿ ಕೋಲು ಊರಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಹನುಮಕ್ಕನ ಕೈಲಿ ಒಂದು ತೆಂಗಿನಕಾಯಿ, ಕುಪ್ಪಸದ ಕಣ ಹಿಡಿಸಿಕೊಂಡು ಬಂದ. ಮಗಳ ತಲೆಗೆ ಅಕ್ಷತೆ ಹಾಕಿ, ಕೋಲಿನ ಸಹಾಯದಿಂದ ಊಟದ ಪಂಕ್ತಿಯಲ್ಲಿ ಹೇಗೋ ಕೂತ. ನಾನು ಹೋಳಿಗೆ ಬಡಿಸುತ್ತಿದ್ದೆ. ಶೆಡ್ಡಿನ ಡ್ರೈವರೊಬ್ಬ ಎದುರಿನಿಂದ ಕೂಗಿದ:

"ಏನ್ ಮುನಿರಾಮಣ್ಣ, ಈಗ ಗೊತ್ತಾಯ್ತಾ ಬ್ರೇಕ್ ಯಾವ್ದು, ಕ್ಲಚ್ ಯಾವ್ದು?"

ಪಂಕ್ತಿಯೆಲ್ಲ ನಕ್ಕಿತು. ಮುನಿರಾಮಯ್ಯನೂ ನಕ್ಕ. ಎಲೆ ನೋಡುತ್ತಾ, ತಲೆ ತಗ್ಗಿಸಿಕೊಂಡು ನಕ್ಕ. ಹನುಮಕ್ಕ ನಗಲಿಲ್ಲ. ನಾನು ಅವನ ಎಲೆಗೆ ಹೋಳಿಗೆ ಹಾಕಿದೆ, ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. "ಸಾಕು ಅಣ್ಣ, ಸಾಕು" ಅನ್ನುವವರೆಗೂ ಹಾಕುತ್ತಲೇ ಇದ್ದೆ. ಆಮೇಲೆ ಅಡುಗೆಮನೆಯ ಹಿಂದೆ ಹೋಗಿ ಗೋಡೆ ಹಿಡಿದುಕೊಂಡು ಅತ್ತೆ. ಮಗಳನ್ನು ಕಳಿಸುವ ದುಃಖ ಅಂತ ನಾಲ್ಕು ಜನ ಬಂದು ಸಮಾಧಾನ ಮಾಡಿದರು.

ಮಗಳು ಗಂಡನ ಮನೆಗೆ ಹೋದ ನಾಲ್ಕನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ಕೆಂಗೇರಿಗೆ ಹೋದೆ. ಮುನಿರಾಮಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಹನುಮಕ್ಕ ಮಣೆಯ ಮೇಲೆ ಊದಿನಕಡ್ಡಿ ಹೊಸೆಯುತ್ತಿದ್ದಳು. ಕೂತುಕೊಳ್ಳದೆ, ನೀರು ಮುಟ್ಟದೆ, ನಿಂತೇ ಹೇಳಿದೆ.

"ಅವತ್ತು ನಾನು ನೋಡ್ಲಿಲ್ಲ ಕಣೋ. ಗುಂಡಿಗೇ ಇಳೀಲಿಲ್ಲ. ಪಂಚೆ ಕೊಳೆ ಆಗುತ್ತೆ ಅಂತ ಸುಮ್ನೆ ಪಟ್ಟೆ ಎಳೆದೆ. ನೀನು ಬ್ರೇಕೇ ತುಳಿದಿದೀಯ. ತಪ್ಪು ನಂದು."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಅವನ ಕಣ್ಣು ತುಂಬಿಬಂತು. "ನೋಡೇ ಹನುಮೀ, ದೇವ್ರಂಥ ಮನ್ಸ. ನನ್ನ ಲೈಸೆನ್ಸ್ ಬರ್ಲಿ ಅಂತ ತನ್ನ ಮೇಲೆ ಎಳ್ಕೋತಾವ್ರೆ" ಅಂದ.

"ಇಲ್ಲ ಕಣೋ, ನಿಜ ಹೇಳ್ತಾ ಇದೀನಿ!"

"ಬುಡಿ ಅಣ್ಣ. ನೀವು ನೋಡ್ದೆ ಪಟ್ಟೆ ಎಳೆಯೋರಾ? ನಂಗೊತ್ತಿಲ್ವಾ? ನನ್ನಂಥೋನಿಗೋಸ್ಕರ ನಿಮ್ಮ ಕೆಲ್ಸ ಕಳ್ಕೋಬ್ಯಾಡಿ."

ಕೂಗಾಡಿದೆ. ಆಣೆ ಇಟ್ಟೆ. ಅವನು ತಲೆಯಾಡಿಸುತ್ತಾ ನಗುತ್ತಲೇ ಇದ್ದ. ಇನ್ನು ಅಲ್ಲಿ ನಿಲ್ಲಲಾರದೆ ರಸ್ತೆಗೆ ಬಂದೆ. ಬಸ್ ಸ್ಟಾಪಿನ ಹತ್ತಿರ ಹಿಂದಿನಿಂದ ಹನುಮಕ್ಕ ಬಂದಳು. ಕೈಯೆಲ್ಲ ಊದಿನಕಡ್ಡಿಯ ಕಪ್ಪು.

"ನೀವು ಯೋಳಿದ್ದು ನಿಜ ಅಂತ ನಂಗೆ ಗೊತ್ತು" ಅಂದಳು. "ಆಸ್ಪತ್ರೆಗೆ ಎಳನೀರು ತಂದ್ರಲ್ಲ, ಅವತ್ತೇ ಗೊತ್ತಾಯ್ತು ನಿಮ್ಮ ಮೊಕ ನೋಡಿ. ಯಾವಾಗ ಬಾಯ್ಬುಡ್ತೀರಿ ಅಂತ ಕಾಯ್ತಾ ಇದ್ದೆ. ನಿಮ್ಮ ಮಗ್ಳು ಮದ್ವೆ ಮುಗೀತು. ಅದ್ಕೇ ಬಂದ್ರಿ. ಅಲ್ವಾ?"

ನಾನು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದೆ.

"ನಿದ್ದೇಲಿ ಆ ಮುರಿದ ಕಾಲ್ನ ಒತ್ತಿ ಒತ್ತಿ ನೋಡ್ತದೆ ಈ ಪ್ರಾಣಿ. ತುಳಿದ್ನೋ, ತುಳೀಲಿಲ್ವೋ ಅಂತ ನನ್ನ ಎಬ್ಬಿಸಿ ಕೇಳ್ತದೆ. ನಾನೇನ್ ಯೋಳ್ಲಿ? ನಮ್ಮ ಜಗಲೀಲಿ ನಿಂತು ಯೋಳಿದ್ರೆ ಏನು ಬಂತು? ಬರ್ಕೊಂಡ್ರಲ್ಲ, ಅಲ್ಲೋಗಿ ಯೋಳಿ. ಇವತ್ತೇ ಹೋಗಿ. ಸಂಜೇವರ್ಗೂ ಬುಟ್ರೆ ನೀವು ಹೋಗಾಕಿಲ್ಲ."

ಅವಳು ಹೇಳಿದ್ದು ಸರಿ. ಸಂಜೆಯವರೆಗೆ ಬಿಟ್ಟಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ನೇರ ಸ್ಟೇಷನ್ನಿಗೆ ಹೋಗಿ, ನೋಡಲಿಲ್ಲ, ಸುಳ್ಳು ಹೇಳಿದ್ದೆ ಅಂತ ಬರೆಸಿ ಸಹಿ ಹಾಕಿದೆ.

ಸಾಹುಕಾರರು ಅಂದೇ ನನ್ನನ್ನು ಕರೆಸಿದರು. "ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ನಮ್ಮವನು ಅಂತ ಇಟ್ಕೊಂಡಿದ್ದೆ" ಅಂದರು. ಅವರಿಗೆ ಸುಳ್ಳಿನ ಮೇಲೆ ಸಿಟ್ಟಿರಲಿಲ್ಲ, ನಿಜದ ಮೇಲೆ ಇತ್ತು. ಕೆಲಸ ಹೋಯಿತು. ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು, ಬಿಳಿ ಪಂಚೆಯ ವಿಷಯವನ್ನೂ ಹೇಳಿದೆ, ಯಾರೋ ನಕ್ಕರು. ದಂಡ ಹಾಕಿದರು. ಮುನಿರಾಮಯ್ಯನ ಮೇಲಿನ ಕೇಸು ಬಿದ್ದುಹೋಯಿತು, ಲೈಸೆನ್ಸ್ ವಾಪಸು ಬಂತು. ಬೀಗರು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದರು. ಮಗಳನ್ನು ಮಾತ್ರ ಚೆನ್ನಾಗಿಯೇ ನೋಡಿಕೊಂಡರು.

ಕೋರ್ಟಿನ ಪಡಸಾಲೆಯಲ್ಲಿ ಮುನಿರಾಮಯ್ಯ ಎದುರಾದ. ಈಗ ಅವನಿಗೆ ನಂಬಿಕೆ ಬಂದಿತ್ತು. ಹೊಡೆಯಲಿ ಅಂತ ಹತ್ತಿರ ಹೋಗಿ ನಿಂತೆ.

"ಕಾಲು ಮುರೀತು, ಅದು ಹೋಗ್ಲಿ ಬುಡಿ" ಅಂದ. "ಮೂರು ತಿಂಗ್ಳು ನನ್ನ ಕಾಲ್ನ ನಾನೇ ನಂಬ್ಲಿಲ್ವಲ್ರಿ. ನನ್ನನ್ನ ನಾನೇ ಕಳ್ಳನ್ನ ಮಾಡ್ಕೊಂಡು ಕೂತಿದ್ನಲ್ಲ."

ಅಣ್ಣ ಅನ್ನಲಿಲ್ಲ. ಕೋಲು ಊರಿಕೊಂಡು ಮೆಟ್ಟಿಲಿಳಿದು ಹೋದ.

ಒಂದು ವರ್ಷ ಕಳೆಯಿತು. ನಾಯಂಡಹಳ್ಳಿ ಜಂಕ್ಷನ್ನಿನ ಆಚೆ ನಾಲ್ಕು ತಗಡು ಹೊದಿಸಿ ನನ್ನದೇ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಗುಂಡಿ ತೋಡಿಸಲು ಜಾಗವಿರಲಿಲ್ಲ. ಚಾಪೆ ಹಾಸಿಕೊಂಡು ಲಾರಿಯ ಕೆಳಗೆ ಮಲಗಿಯೇ ಕೆಲಸ. ಒಂದು ಬೆಳಿಗ್ಗೆ ಬೇರೆ ಯಾರದೋ ಲಾರಿ ಬಂದು ನಿಂತಿತು. ಬಾಗಿಲು ತೆಗೆದು ಮುನಿರಾಮಯ್ಯ ಇಳಿದ. ಕೋಲು ಇರಲಿಲ್ಲ, ಬಲಗಾಲು ಎಳೆಯುತ್ತಿತ್ತು.

"ಮೇಸ್ತ್ರಿ, ಓನರು ಇಲ್ಲಿಗೇ ತಗೊಂಡೋಗು ಅಂದ್ರು. ಎಲ್ಲ ಒಂದ್ಸಲ ನೋಡ್ಬೇಕು" ಅಂದ.

ಒಳಗೊಳಗೇ ಎಷ್ಟು ಹಿಗ್ಗಿದೆನೋ ದೇವರಿಗೇ ಗೊತ್ತು. ಟೀ ತರಿಸಲಾ ಅಂದೆ, ಬೇಡ ಅಂದ. ಕೆಳಗೆ ಹೊಕ್ಕೆ. ಒಂದೂವರೆ ಗಂಟೆಯಲ್ಲ, ಎರಡೂವರೆ ಗಂಟೆ ನೋಡಿದೆ. ಸವೆಯದ ಬೋಲ್ಟನ್ನೂ ಬಿಗಿ ಮಾಡಿದೆ, ಒರೆಸಬೇಕಿಲ್ಲದ್ದನ್ನೂ ಒರೆಸಿದೆ. ಇಂಥ ಕೆಲಸ ನನ್ನ ಜನ್ಮದಲ್ಲೇ ಮಾಡಿರಲಿಲ್ಲ. ಹೊರಗೆ ಬಂದು, ಬೆವರು ಒರೆಸಿಕೊಂಡು, "ಎಲ್ಲ ನೋಡಿದೀನಿ. ಸರಿಯಾಗಿದೆ" ಅಂದೆ.

ಅವನು ಹೂಂ ಅಂದ. ಲಾರಿಯೊಳಗಿಂದ ಒಂದು ಗೋಣಿಚೀಲ ತೆಗೆದು ನೆಲಕ್ಕೆ ಹಾಸಿದ. ಎಡಗಾಲು ಮಡಚಿ, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿಟ್ಟುಕೊಂಡು, ನೋವಿಗೆ ಹಲ್ಲು ಕಚ್ಚಿ, ಬೆನ್ನ ಮೇಲೆ ಜರುಗುತ್ತಾ ಲಾರಿಯ ಕೆಳಗೆ ಹೋದ.

"ಬ್ಯಾಟ್ರಿ ಹಿಡೀರಿ" ಅಂದ ಒಳಗಿನಿಂದ.

ಬ್ಯಾಟರಿ ಹಚ್ಚಿ ಕುಕ್ಕುರುಗಾಲಿನಲ್ಲಿ ಕೂತೆ. ಹಿಂದಿನ ಚಕ್ರದಿಂದ ಶುರುಮಾಡಿ ಒಂದೊಂದಾಗಿ ಬಂದ. ಮುಂದಿನ ಚಕ್ರದ ಹತ್ತಿರ ನಿಲ್ಲಿಸಿ, ಬ್ರೇಕಿನ ಪೈಪಿನ ಮೇಲೆ ಬೆರಳಿಟ್ಟು, "ಇದು ನೋಡಿದ್ರಾ?" ಅಂತ ಕೇಳಿದ.

"ನೋಡಿದೀನಿ" ಅಂದೆ.

ಅವನು ಮತ್ತೆ ತಾನೇ ಮುಟ್ಟಿ ನೋಡಿದ.